ಕಾಕಾ ಕಳಿಸಿದ ಫಾರ್ವರ್ಡ್

‘ಕೊಪ್ಪಳ ಮನೆ ಮಂದಿ’ ಗುಂಪು, ಭಾನುವಾರ ಬೆಳಿಗ್ಗೆ

ಈರಣ್ಣ ಕಾಕಾ: ಫಾರ್ವರ್ಡ್: ಸಿಗರೇಟಿನಿಂದ ಮಿದುಳು ಚುರುಕು! ಸೇದುವವರಿಗೆ ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆ ಬರಲ್ಲ! ಡಾಕ್ಟರುಗಳು ಮುಚ್ಚಿಟ್ಟ ಸತ್ಯ!!

ಈರಣ್ಣ ಕಾಕಾ: ಎಲ್ಲರೂ ಓದ್ರಿ. ಇನ್ಮೇಲೆ ಸುಮ್ನೆ ನನ್ನ ಬೈಯಬೇಡಿ.

ಗಂಗಾವತಿ ಅಕ್ಕ: ಪೂರ್ತಿ ಸುಳ್ಳಲ್ಲ ಕಾಕಾ, ಅದೇ ತೊಂದರೆ. ಸೇದುವವರಲ್ಲಿ ಪಾರ್ಕಿನ್ಸನ್ ಕಡಿಮೆ ಕಂಡಿದ್ದು ನಿಜ. ಆದರೆ ಕಾಯಿಲೆ ಶುರುವಾದವರಿಗೆ ಸಿಗರೇಟಿನಲ್ಲಿರುವ ನಿಕೋಟಿನ್ನಿನ ಪಟ್ಟಿಯನ್ನು ವರ್ಷವಿಡೀ ಚರ್ಮಕ್ಕೆ ಹಚ್ಚಿ ನೋಡಿದರು. 2023ರಲ್ಲಿ ಫಲಿತಾಂಶ ಬಂತು. ಕಾಯಿಲೆ ಏನೂ ನಿಧಾನವಾಗಲಿಲ್ಲ.

ಈರಣ್ಣ ಕಾಕಾ: ಅದೆಲ್ಲ ಗೊತ್ತಿಲ್ಲ. ಸೇದಿದರೆ ನನಗೆ ತಲೆ ಓಡುತ್ತದೆ. ಮೂವತ್ತು ವರ್ಷ ಅಕ್ಕಿ ಮಿಲ್ಲಿನ ಲೆಕ್ಕ ಅದರ ಮೇಲೇ ಬರೆದಿದ್ದು.

ಗಂಗಾವತಿ ಅಕ್ಕ: ಹೊಗೆ ಎಳೆದ ಹತ್ತಿಪ್ಪತ್ತು ಸೆಕೆಂಡಿಗೆ ನಿಕೋಟಿನ್ ಮಿದುಳು ಮುಟ್ಟುತ್ತದೆ. ಅಸಿಟೈಲ್‌ಕೋಲಿನ್ ಅನ್ನೋ ಮಿದುಳಿನದೇ ರಾಸಾಯನಿಕ ಕೂರಬೇಕಾದ ಜಾಗದಲ್ಲಿ ತಾನು ಕೂರುತ್ತದೆ. ಡೋಪಮೈನ್ ಹೊರಡುತ್ತದೆ, ಹಿತ ಅನ್ನಿಸುತ್ತದೆ. ದಿನಾ ಹೀಗಾದರೆ ಮಿದುಳು ಅಂಥ ಜಾಗಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಎರಡು ತಾಸಿಗೆಲ್ಲ ರಕ್ತದ ನಿಕೋಟಿನ್ ಅರ್ಧಕ್ಕೆ ಇಳಿಯಿತು ಅನ್ನಿ. ಜಾಗ ಖಾಲಿ, ಸಿಟ್ಟು, ಚಡಪಡಿಕೆ, ಕೂಡಿಸಿದ ಲೆಕ್ಕ ತಪ್ಪು. ಇನ್ನೊಂದು ಹಚ್ಚಿದರೆ ಸರಿ. ಸಿಗರೇಟೇ ಕೆಡಿಸಿದ ತಲೆಯನ್ನು ಸಿಗರೇಟೇ ರಿಪೇರಿ ಮಾಡುತ್ತದೆ, ಅಷ್ಟೇ.

ಮಂಜು: ಕಾರಟಗಿ ಮದುವೇಲಿ ಕಾಕಾ ಹೋಳಿಗೆ ಬಿಟ್ಟು ಎದ್ದು ಹೋಗಿದ್ದರಲ್ಲ! ವಾಪಸ್ ಬರೋವಷ್ಟರಲ್ಲಿ ಎಲೆ ಎತ್ತಿಬಿಟ್ಟಿದ್ದರು.

ಈರಣ್ಣ ಕಾಕಾ: ಬಡಿಸುವವರಿಗೆ ಅವಸರ ಇತ್ತು.

ಚಿಗವ್ವ: ಬೆಳಿಗ್ಗೆ ಐದಕ್ಕೆ ಎದ್ದು, ಮುಖ ತೊಳೆಯೋಕ್ಕಿಂತ ಮೊದಲು ಕಡ್ಡಿಪೆಟ್ಟಿಗೆ ಹುಡುಕುತ್ತಾರೆ.

ಗಂಗಾವತಿ ಅಕ್ಕ: ರಾತ್ರಿಯೆಲ್ಲ ಖಾಲಿ ಇರುತ್ತದಲ್ಲ ಚಿಗವ್ವ, ಅದಕ್ಕೇ.

ಈರಣ್ಣ ಕಾಕಾ: ಬಿಡೋಕೆ ನೋಡಿಲ್ವಾ ನಾನು? ನಿನ್ನ ಮೆಡಿಕಲ್ ಶಾಪಿನ ನಿಕೋಟಿನ್ ಗಮ್ಮೇ ಅಗಿದೆ. ಬಾಯೆಲ್ಲ ಖಾರ, ಬಿಕ್ಕಳಿಕೆ ಬೇರೆ.

ಗಂಗಾವತಿ ಅಕ್ಕ: ಜೊತೆಗೆ ಚಹಾ ಕುಡಿದಿರಾ?

ಚಿಗವ್ವ: ಎರಡು ಕಪ್.

ಗಂಗಾವತಿ ಅಕ್ಕ: ಮುಗೀತು. ಚಹಾ ಕುಡಿದ ಬಾಯಿ ನಿಕೋಟಿನ್ ಸರಿಯಾಗಿ ಹೀರಲ್ಲ, ಕಾಲು ತಾಸು ಬಿಡಬೇಕು. ಕಚಕಚ ಜಗಿಯಲೂಬಾರದು. ಖಾರ ಬಂದ ಕೂಡಲೇ ಕೆನ್ನೆ-ಒಸಡಿನ ನಡುವೆ ಒತ್ತಿಟ್ಟುಕೊಳ್ಳಬೇಕು. ಆದರೂ ಸಿಗರೇಟಿನ ಹಿತ ಸಿಗಲ್ಲ, ಒಪ್ಪಿದೆ. 1996ರಲ್ಲಿ ಅಮೆರಿಕದಲ್ಲಿ ಸೇದುವವರ ಮಿದುಳು ಸ್ಕ್ಯಾನ್ ಮಾಡಿದಾಗ, ಡೋಪಮೈನ್ ಒಡೆಯುವ ಎಂಎಓ-ಬಿ ಕಿಣ್ವ ಸುಮಾರು 40% ಕಡಿಮೆ ಕಂಡಿತ್ತು. ಒಡೆಯೋದು ಕಡಿಮೆಯಾದರೆ ಡೋಪಮೈನ್ ಹೆಚ್ಚು ಹೊತ್ತು ಉಳಿಯುತ್ತದೆ. ಅದು ನಿಕೋಟಿನ್ ಕೆಲಸವಲ್ಲ, ಹೊಗೆಯಲ್ಲಿನ ಬೇರೆ ವಸ್ತುಗಳದ್ದು. ಗಮ್‌ನಲ್ಲಿ ಅವು ಇಲ್ಲ.

ಈರಣ್ಣ ಕಾಕಾ: ನೋಡ್ರಿ, ಗಮ್ ದಂಡ ಅಂತ ಅವಳೇ ಹೇಳಿದಳು!

ಗಂಗಾವತಿ ಅಕ್ಕ: ಯಪ್ಪಾ! ಮೊದಲ ಮೂರು ದಿನ ಭಾರಿ ಕಷ್ಟ, ಅದನ್ನು ದಾಟಿಸೋಕೆ ಗಮ್ ಬೇಕು. ಎರಡು ಮೂರು ತಿಂಗಳಿಗೆ ಆ ಜಾಸ್ತಿಯಾದ ಜಾಗಗಳೂ ಇಳಿಯುತ್ತವೆ. ತಂಬಾಕು ಬಿಡಿಸುವ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿ ಕಾಕಾ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮಂಜು: ಕಾಕಾ?

ಮಂಜು: ಹತ್ತು ನಿಮಿಷ ಆಯ್ತು. ಎಲ್ಲಿ ಹೋದರು?

ಚಿಗವ್ವ: ಮಾಳಿಗೆ ಮೇಲೆ. ಹೊಗೆ ಕಾಣ್ತಿದೆ.

ಈರಣ್ಣ ಕಾಕಾ: ಊದಿನಕಡ್ಡಿ ಅದು.