ಕೈಯಲ್ಲಿ ಹಿಡಿಯುವ ರೋಬೋಟಿಕ್ ಸಾಧನ: ಹ್ಯಾಂಡಲ್ ಚಿಕ್ಕ ಕೈಗೆ ಕೂರುತ್ತಿಲ್ಲ, ಏನು ಮಾಡಲಿ?

ಪೀಣ್ಯ_ಡಿಸೈನರ್
ನಮಸ್ಕಾರ. ಪೀಣ್ಯದ ಒಂದು ಚಿಕ್ಕ ಕಂಪನಿಯಲ್ಲಿ ಡಿಸೈನ್ ಕೆಲಸ ಮಾಡುತ್ತೇನೆ. ಲ್ಯಾಪ್ರೋಸ್ಕೋಪಿ, ಅಂದರೆ ಹೊಟ್ಟೆಗೆ ಚಿಕ್ಕ ತೂತು ಮಾಡಿ ನಡೆಸುವ ಆಪರೇಷನ್‌ಗೆ ಕೈಯಲ್ಲೇ ಹಿಡಿದು ಬಳಸುವ ರೋಬೋಟಿಕ್ ಸಾಧನ ಮಾಡುತ್ತಿದ್ದೇವೆ. ಡಾ ವಿಂಚಿ ಸರ್ಜರಿ ರೋಬೋಟ್ ತರಹದ ದೊಡ್ಡ ಯಂತ್ರ ಅಲ್ಲ. 8 ಮಿ.ಮೀ. ಕೊಳವೆ, ತುದಿಯಲ್ಲಿ ಮಣಿಕಟ್ಟಿನಂತೆ ಬಾಗುವ ಕೀಲು, ಹ್ಯಾಂಡಲ್ ಒಳಗೆ ಮೋಟಾರ್‌ಗಳು.

ಹೋದ ವಾರ ಸರ್ಜನ್ ಮೇಡಂ ಒಬ್ಬರಿಗೆ ಟ್ರೇನಿಂಗ್ ಬಾಕ್ಸ್‌ನಲ್ಲಿ (ಹೊಟ್ಟೆಯ ಬದಲು ಅಭ್ಯಾಸಕ್ಕೆ ಬಳಸುವ ಡಬ್ಬ) ಹೊಲಿಗೆ ಹಾಕಲು ಕೊಟ್ಟೆ. ಅವರ ಗ್ಲೋವ್ಸ್ ಸೈಜ್ 6. ಮೊದಲ ಎರಡು ಹೊಲಿಗೆ ಚೆನ್ನಾಗಿ ಬಂದವು. ಸೂಜಿ ತಿರುಗಿಸುವುದು ಸಲೀಸಾಗಿದೆ ಅಂದರು. ಆದರೆ ಹೆಬ್ಬೆರಳು ಬಟನ್‌ಗೆ ಎಟುಕುತ್ತಿರಲಿಲ್ಲ. ಪ್ರತಿ ಸಲ ಹಿಡಿತ ಸಡಿಲ ಮಾಡಿ ಅಂಗೈ ಮುಂದಕ್ಕೆ ಜರುಗಿಸಬೇಕಿತ್ತು. ಆಗೆಲ್ಲ ಒಳಗೆ ತುದಿಯೂ ಅಲುಗುತ್ತಿತ್ತು. ಇಪ್ಪತ್ತು ನಿಮಿಷಕ್ಕೆ ಗ್ಲೋವ್ಸ್ ಬಿಚ್ಚಿ ಹೆಬ್ಬೆರಳಿನ ಬುಡ ಒತ್ತಿಕೊಂಡರು. ಅಲ್ಲಿ ಕೆಂಪು ಗೆರೆ ಮೂಡಿತ್ತು. ಅದನ್ನು ನೋಡಿ ಬಹಳ ಬೇಜಾರಾಯಿತು. ನಾನು ಅಳತೆ ತೆಗೆದಿದ್ದು ಆಫೀಸಿನ ಗಂಡಸರ ಕೈಗಳಿಂದ, ಎಲ್ಲ ಏಳೂವರೆ, ಎಂಟು ಸೈಜಿನವು.

ತೂಕ 420 ಗ್ರಾಂ. ಎರಡು ಸೈಜ್ ಮಾಡಬೇಕಾ, ಅಥವಾ ಒಂದನ್ನೇ ಎಲ್ಲ ಕೈಗೂ ಹೊಂದಿಸಬಹುದಾ?

ಡಾಕ್ಟರ್_ಮಲ್ಲೇಶ್ವರ
ನನ್ನದೂ 6 ಸೈಜೇ. ನೀವು ಇದನ್ನು ಕೇಳಿದ್ದೇ ಖುಷಿ.

ಸೈಜಿಗಿಂತ ಮೊದಲು ಕೋನ ನೋಡಿ. ಹೊಟ್ಟೆಯ ತೂತಿನ ಸುತ್ತಲೇ ಸಾಧನ ತಿರುಗುತ್ತದೆ, ಅಲ್ವಾ? ಕೈ ಎಡಕ್ಕೆ ಹೋದರೆ ತುದಿ ಬಲಕ್ಕೆ. ತುದಿ ಕೆಳಗಿಳಿಯಬೇಕಾದರೆ ಕೈ ಮೇಲೇಳಬೇಕು. ಪಿಸ್ತೂಲ್ ತರಹದ ಹ್ಯಾಂಡಲ್ ಆದರೆ ಆಗ ಮಣಿಕಟ್ಟು ಸೊಟ್ಟಗಾಗುತ್ತದೆ, ಹೆಗಲೂ ಎತ್ತಬೇಕಾಗುತ್ತದೆ. ಹ್ಯಾಂಡಲ್ ಮೊಣಕೈ ಮಟ್ಟಕ್ಕೆ ಬರಲಿ ಅಂತ ಟೇಬಲ್ ತಗ್ಗಿಸುತ್ತೇವೆ. ನನ್ನ ಎತ್ತರಕ್ಕೆ ಟೇಬಲ್ ಪೂರ್ತಿ ತಗ್ಗಿಸಿದರೂ ಕೆಲವೊಮ್ಮೆ ಸಾಲದು, ಸ್ಟೂಲ್ ಮೇಲೆ ನಿಲ್ಲುತ್ತೇನೆ. ಹಾಗಾಗಿ ಹ್ಯಾಂಡಲ್‌ಗೂ ಕೊಳವೆಗೂ ನಡುವಿನ ಕೋನ ಬದಲಿಸಲು ಬರಲಿ.

ಕತ್ತರಿಯಂತೆ ಬೆರಳು ತೂರಿಸುವ ಮಾಮೂಲಿ ಉಂಗುರದ ಹ್ಯಾಂಡಲ್‌ನಲ್ಲಿ ಹೆಬ್ಬೆರಳಿನ ಪಕ್ಕದ ನರ ಒತ್ತಿ ಜೋಮು ಹಿಡಿಯುತ್ತದೆ. ದಿನಕ್ಕೆ ಮೂರು ಗಾಲ್‌ಬ್ಲಾಡರ್ ಮಾಡಿದ ರಾತ್ರಿ, ಮಗಳ ಯೂನಿಫಾರ್ಮ್‌ನ ಗುಂಡಿ ಹಾಕುವಾಗ ಬೆರಳಿಗೆ ಬಟ್ಟೆ ತಾಗಿದ್ದೇ ಗೊತ್ತಾಗುತ್ತಿರಲಿಲ್ಲ. ದಯವಿಟ್ಟು ಉಂಗುರ ಬೇಡ. ಇನ್ನೊಂದು: ಸೂಜಿ ಕಚ್ಚಿ ಹಿಡಿದ ಮೇಲೆ ಬೆರಳು ಸಡಿಲ ಬಿಟ್ಟರೂ ಸಾಧನದ ತುದಿಯ ದವಡೆ ಬಿಗಿಯಾಗೇ ಇರಲಿ. ಮೋಟಾರ್ ಇರುವಾಗ ಆ ಬಿಗಿತ ನನ್ನ ಕೈಗೆ ಯಾಕೆ?

ಟೂಲ್‌ರೂಮ್_ಅಣ್ಣ
ಬೆರಳು ಕೂರಲು ಗುಳಿ ತೋಡಿದ್ದರೆ ಮೊದಲು ತೆಗೀರಿ ಸರ್. ಗುಳಿ ಒಂದು ಕೈಗೆ ಸರಿಯಾದರೆ ಉಳಿದವರಿಗೆ ಚುಚ್ಚುತ್ತದೆ. ಪಾಟರಿ ಟೌನ್‌ನಿಂದ ಒಂದಿಷ್ಟು ಹದವಾದ ಮಣ್ಣು ತನ್ನಿ. ಪೈಪಿಗೆ ಮೆತ್ತಿ, ಡಾಕ್ಟರ್ ಕೈಗೆ ಕೊಟ್ಟು ಹೊಲಿಗೆ ಹಾಕಿಸಿ. ಸುಮ್ನೆ ಹಿಡಿಸಿದರೆ ಪ್ರಯೋಜನ ಇಲ್ಲ, ಕೆಲಸ ಮಾಡುವಾಗ ಕೈ ಎಲ್ಲೆಲ್ಲಿ ಜರುಗುತ್ತದೆ ಅನ್ನುವುದೇ ಮುಖ್ಯ. ಉಜ್ಜಿದ ಜಾಗ ಮಣ್ಣೇ ತೋರಿಸುತ್ತದೆ.

ಬಟನ್ ಅನ್ನು ಹಳಿ ಮೇಲೆ ಹಿಂದೆ ಮುಂದೆ ಸರಿಯುವಂತೆ ಮಾಡಿ, ಆಗ ಎರಡು ಅಚ್ಚಿನ ಖರ್ಚು ಉಳಿಯಬಹುದು. 420 ಗ್ರಾಂ ಅಷ್ಟು ಜಾಸ್ತಿ ಅಲ್ಲ, ಆದರೆ ಭಾರ ಎಲ್ಲಿ ಕೂತಿದೆ? ಅಂಗೈ ನಡುವೆ ಇರಬೇಕು. ಹಿಂದೆ ಜೋತುಬಿದ್ದರೆ ಮಣಿಕಟ್ಟು ಇಡೀ ಹೊತ್ತು ಅದನ್ನು ಎತ್ತಿ ಹಿಡಿದಿರಬೇಕು. ಅಮೆರಿಕದ ಫ್ಲೆಕ್ಸ್‌ಡೆಕ್ಸ್ ಅನ್ನುವ ಸಾಧನ ನೋಡಿ. ಅದಕ್ಕೆ ಮೋಟಾರೇ ಇಲ್ಲ, ಮುಂಗೈಗೆ ಕಟ್ಟಿಕೊಳ್ಳುತ್ತಾರೆ.

ಓಟಿ_ಸಿಸ್ಟರ್
ಒದ್ದೆ ಗ್ಲೋವ್ಸ್‌ನಲ್ಲಿ ನೋಡಿದಿರಾ? ಒಣ ಕೈಯಲ್ಲಿ ಎಲ್ಲವೂ ಚೆನ್ನಾಗೇ ಇರುತ್ತದೆ. ಆಮೇಲೆ ಆ ಸರಿಯುವ ಬಟನ್‌ನ ಸಂದಿಯಲ್ಲಿ ರಕ್ತ ಒಣಗಿದರೆ ಬ್ರಷ್ ಹೋಗಬೇಕು. ಬ್ರಷ್ ಹೋಗದ ಜಾಗ ಕ್ಲೀನ್ ಆಗಲ್ಲ. ಕ್ರಿಮಿ ಕೊಲ್ಲುವ 134 ಡಿಗ್ರಿ ಹಬೆಯ ಆಟೋಕ್ಲೇವ್ ತಡೆಯದ ಮೋಟಾರ್ ಆದರೆ, ಅದನ್ನು ಬೇರೆ ಮಾಡಿ ತೆಗೆಯಲು ಬರಬೇಕು.

ಪೀಣ್ಯ_ಡಿಸೈನರ್
ಮೇಡಂ, ಅಣ್ಣ, ಸಿಸ್ಟರ್, ತುಂಬಾ ಥ್ಯಾಂಕ್ಸ್. ಹ್ಯಾಂಡಲ್ ಅನ್ನು ತೋರುಬೆರಳ ಮೇಲೆ ಇಟ್ಟು ತೂಗಿ ನೋಡಿದೆ. ಭಾರ ಅಂಗೈಯಿಂದ ನಾಲ್ಕು ಸೆಂ.ಮೀ. ಹಿಂದಿದೆ. ಬ್ಯಾಟರಿ ಹೊರಗೆ ತೆಗೆಯುತ್ತೇನೆ. ಗುಳಿಗಳನ್ನು ಈಗಲೇ ಡ್ರಾಯಿಂಗ್‌ನಿಂದ ಅಳಿಸಿದೆ. ಶನಿವಾರ ಮಣ್ಣು ತರುತ್ತೇನೆ. ಡಾಕ್ಟರ್ ಮೇಡಂ, ಅರ್ಧ ಗಂಟೆ ಬಿಡುವಾದರೆ ಮಲ್ಲೇಶ್ವರಕ್ಕೇ ಬಾಕ್ಸ್ ತರಲಾ? ಸಲೈನ್ ಬಾಟಲಿಯೂ ಜೊತೆಗಿರುತ್ತದೆ.