ಪದಚರ್ಚೆ: ಜ್ವರದ ಮೇಲೆ ‘ಕಣ್ಗಾವಲು’ ಸರಿಯೇ? ಬೋರ್ಡಿಗೆ ನಾಳೆಯೊಳಗೆ ಪದ ಬೇಕು

ಬಳಗದವರಿಗೆ ನಮಸ್ಕಾರ,

ಸ್ವಲ್ಪ ಅರ್ಜೆಂಟು. ಒಂದು ತಾಲ್ಲೂಕು ಆಸ್ಪತ್ರೆಯ ಜ್ವರದ ವಿಭಾಗಕ್ಕೆ ಬೋರ್ಡು ಬರೆಸಬೇಕು. ನಾಳೆ ಸಂಜೆ ಪೇಂಟರ್ ಬರುತ್ತಾರೆ.

ಅಲ್ಲಿ ನಡೆಯುವುದು ಇಷ್ಟು. ಜ್ವರ ಅಂತ ಬಂದವರಲ್ಲಿ ಕೆಲವರ ರಕ್ತ ತೆಗೆದು ಡೆಂಗಿ, ಚಿಕುನ್‌ಗುನ್ಯಾ ಇದೆಯಾ ಅಂತ ನೋಡುತ್ತಾರೆ. ಜ್ವರ ಶುರುವಾಗಿ 5 ದಿನದೊಳಗೆ ಬಂದರೆ ಡೆಂಗಿಗೆ ಎನ್‌ಎಸ್1 (ರಕ್ತದಲ್ಲಿ ವೈರಸ್ಸಿನ ಅಂಶ ಹುಡುಕುವ ಪರೀಕ್ಷೆ), ಆಮೇಲೆ ಬಂದರೆ ಐಜಿಎಂ (ವೈರಸ್ಸಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯ ಹುಡುಕುವ ಪರೀಕ್ಷೆ). ಊರಲ್ಲಿ ಯಾವ ಜ್ವರ ಏಳುತ್ತಿದೆ ಅಂತ ಮೊದಲೇ ಗೊತ್ತಾಗಲಿ ಅನ್ನುವುದು ಉದ್ದೇಶ. ಇಂಗ್ಲಿಷಿನಲ್ಲಿ ಇದಕ್ಕೆ ‘ಸೆಂಟಿನೆಲ್ ಸರ್ವೇಲೆನ್ಸ್’ ಅನ್ನುತ್ತಾರೆ.

ನನಗೆ ಕೊಟ್ಟಿರುವ ಹಳೆಯ ಅನುವಾದ: ‘ಮಾದರಿ ಜ್ವರ ರೋಗಿಗಳ ಕಣ್ಗಾವಲು ಕೇಂದ್ರ’. ರಕ್ತದ ಮಾದರಿ ಹೋಗಿ ರೋಗಿಯೇ ಮಾದರಿಯಾಗಿದ್ದಾರೆ! ಅದನ್ನು ನಾನೇ ತೆಗೆಯುತ್ತೇನೆ. ‘ಕಣ್ಗಾವಲು’ ಇಡಬಹುದಾ?

– ಸು.

*

ಇಡಬಹುದು. ಅಚ್ಚಗನ್ನಡ, ಆದೇಶ ಸಂಧಿ, ತಕರಾರಿಲ್ಲ. ‘ಸರ್ವೇಕ್ಷಣೆ’ಗೆ ಮಾತ್ರ ಹೋಗಬೇಡಿ. ಇಲಾಖೆಯವರು ‘ಜಿಲ್ಲಾ ಸರ್ವೇಕ್ಷಣಾಧಿಕಾರಿ’ ಅಂತ ಬರೆದುಕೊಂಡು ಕೂತಿದ್ದಾರೆ. ಹಿಂದಿಯಲ್ಲಿ ಆ ಪದಕ್ಕೆ ಸರ್ವೆ ಅಂತ ಅರ್ಥ. ಜಮೀನು ಅಳೆಯಲು ಬಂದವರು ಅಂದುಕೊಂಡಾರು ಜನ.

– ಕೆ.ಜಿ.

*

ಕೆ.ಜಿ. ಅವರ ಸಂಧಿ ಸರಿ, ಬೋರ್ಡು ಸರಿಯಿಲ್ಲ. ‘ನೀವು ಸಿಸಿಟಿವಿ ಕಣ್ಗಾವಲಿನಲ್ಲಿದ್ದೀರಿ’ ಅಂತ ಪ್ರತಿ ಅಂಗಡಿಯಲ್ಲೂ ಬರೆದಿರುತ್ತಾರಲ್ಲ. ಆ ಪದ ಈಗ ಪೊಲೀಸರದ್ದು. ಜ್ವರದಿಂದ ನಡುಗುತ್ತಾ ಬಂದವನಿಗೆ ‘ನಿನ್ನ ಮೇಲೆ ಕಣ್ಣಿಟ್ಟಿದ್ದೇವೆ’ ಅಂದ ಹಾಗಾಗುತ್ತೆ.

ಇನ್ನೊಂದು ವಿಷಯ. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿದಾಗ, ಮನೆ ಸುತ್ತ ಸೊಳ್ಳೆ ಬೆಳೆಯಲು ಬಿಟ್ಟರೆ ದಂಡ ಅಂತಲೂ ಹೇಳಿತು. ಜ್ವರ ಅಂತ ಹೇಳಿಕೊಂಡರೆ ಮನೆಗೆ ಬಂದು ದಂಡ ಹಾಕುತ್ತಾರೆ ಅನ್ನುವ ಭಯ ನಮ್ಮ ಬೀದಿಯಲ್ಲೇ ಇತ್ತು. ‘ನಿಗಾ’ ಅನ್ನಿ. ಐಸಿಯುಗೆ ‘ತೀವ್ರ ನಿಗಾ ಘಟಕ’ ಅನ್ನುವುದು ಎಲ್ಲರಿಗೂ ಗೊತ್ತು. ಅದರಲ್ಲಿ ಆರೈಕೆಯ ಅರ್ಥವೂ ಇದೆ.

– ಮಾ.

*

‘ನಿಗಾ’ ಪಾರಸಿ. ಬೇಡ.

– ಕೆ.ಜಿ.

*

ಹಾಗಾದರೆ ‘ಕಾವಲು ಆಸ್ಪತ್ರೆ’? ಸೆಂಟಿನೆಲ್ ಅಂದರೆ ಕಾವಲುಗಾರ ತಾನೇ.

– ಸು.

*

ಕಡೂರು, ಬೀರೂರು ಕಡೆ ಬೋರ್ಡು ಹಾಕಿ ನೋಡಿ. ನಮ್ಮಲ್ಲಿ ಕಾವಲು ಅಂದರೆ ಅಮೃತಮಹಲ್ ದನ ಮೇಯುವ ಜಾಗ. ಪಶು ಆಸ್ಪತ್ರೆ ಅಂದುಕೊಂಡು ಎಮ್ಮೆ ಹೊಡೆದುಕೊಂಡು ಬರುತ್ತಾರೆ.

– ರಾ.

*

ಮೂಲಕ್ಕೇ ಹೋಗೋಣ. ‘ರೋಗವಾಹಕ ಆಶ್ರಿತ ರೋಗಗಳ ನಿಯಂತ್ರಣಾಧಿಕಾರಿ’ ಅನ್ನುವ ಹುದ್ದೆಯ ಹೆಸರನ್ನು ಯಾರಾದರೂ ಉಸಿರು ಬಿಡದೆ ಓದಿದ್ದೀರಾ? ‘ಆಶ್ರಿತ’ ಯಾಕೆ? ಸೊಳ್ಳೆ ರೋಗಕ್ಕೆ ಆಶ್ರಯ ಕೊಟ್ಟಿದೆಯಂತೆ, ಛತ್ರದ ಹಾಗೆ! ‘ಸೊಳ್ಳೆಯಿಂದ ಹರಡುವ ಕಾಯಿಲೆ’ ಅಂದರೆ ಮುಗಿಯಿತು. ರೋಗ ಬಿಡಿ, ‘ಕಾಯಿಲೆ’ ಬಳಸಿ. ವೈರಸ್ಸಿಗೆ ‘ನಂಜುಳ’ ಇದೆ. ನಮ್ಮದೇ ಪದಗಳಿರುವಾಗ ಸಾಲ ಯಾಕೆ?

– ತೇ.

*

ತೇ. ಅವರೇ, ‘ಕಾಯಿಲೆ’ ಬಂದಿರುವುದು ‘ಕಾಹಿಲ್’ನಿಂದ. ಅರಬ್ಬಿಯಿಂದ ಹೊರಟು ಹಿಂದೂಸ್ತಾನಿ ದಾಟಿ ಬಂದದ್ದು. ‘ಬೇನೆ’ ಅಂತೀರೋ ಏನೋ, ಅದೂ ‘ವೇದನೆ’ಯ ತದ್ಭವ. ಅಚ್ಚಗನ್ನಡದಲ್ಲಿ ನಿಮಗೆ ಉಳಿಯುವುದು ಸೊಳ್ಳೆ ಒಂದೇ.

– ಮಾ.

*

ಕರಾವಳಿಯಲ್ಲಿ ಅದೂ ಉಳಿಯಲ್ಲ, ನಮಗೆ ಅದು ‘ನುಸಿ’. 🙂

ಸಾಲದ ಮಾತು ಬಂತಲ್ಲ, ‘ಚಿಕುನ್‌ಗುನ್ಯಾ’ ಪೂರ್ವ ಆಫ್ರಿಕಾದ ಮಕೊಂಡೆ ಭಾಷೆಯ ಪದ. ಬಾಗಿಹೋಗುವುದು ಅಂತ ಅರ್ಥ. 1952ರಲ್ಲಿ ಈಗಿನ ತಾಂಜಾನಿಯಾದ ಕಡೆ ಈ ಜ್ವರ ಎದ್ದಾಗ, ಕೀಲುನೋವಿಗೆ ಸೊಂಟ ಬಗ್ಗಿಸಿ ನಡೆಯುತ್ತಿದ್ದವರನ್ನು ನೋಡಿ ಅಲ್ಲಿಯ ಜನ ಇಟ್ಟ ಹೆಸರು. 2006ರಲ್ಲಿ ಅದು ಕರ್ನಾಟಕದಲ್ಲಿ ಜೋರಾಗಿ ಹಬ್ಬಿತು. ನಾವು ಅದನ್ನು ‘ಚಿಕನ್ ಗುನ್ಯಾ’ ಮಾಡಿ ಕೋಳಿ ತಿನ್ನುವುದನ್ನು ಬಿಟ್ಟೆವು. ನಮ್ಮ ಮನೆಯಲ್ಲೇ ಎರಡು ತಿಂಗಳು ಕೋಳಿ ಸಾರಿಲ್ಲ. ಕಡಿದದ್ದು ಹಗಲು ಹೊತ್ತಿನ ಈಡಿಸ್ ಸೊಳ್ಳೆ, ಬೈಸಿಕೊಂಡದ್ದು ಕೋಳಿ. ಸಾಲ ತಂದದ್ದಕ್ಕಿಂತ ಅರ್ಥ ತಿಳಿಯದೆ ತಂದದ್ದು ಜಾಸ್ತಿ ತೊಂದರೆ ಕೊಟ್ಟಿತು.

– ಉಡುಪಿಯಿಂದ ವಿ.

*

ಆಫ್ರಿಕಾದವರು ತಮ್ಮ ಭಾಷೆಯಲ್ಲೇ ಹೆಸರಿಟ್ಟರು. ನಾನೂ ಅದನ್ನೇ ಹೇಳಿದ್ದು. ನಮ್ಮವರೂ 1957ರಲ್ಲಿ ಕ್ಯಾಸನೂರಿನ ಕಾಡಲ್ಲಿ ಮಂಗಗಳು ಸತ್ತಾಗ ‘ಮಂಗನ ಕಾಯಿಲೆ’ ಅಂದರು. ಯಾವ ಸಮಿತಿಯೂ ಕೂರಲಿಲ್ಲ.

– ತೇ.

*

ಮತ್ತೆ ‘ಕಾಯಿಲೆ’! ಅಲ್ಲದೆ ಅದು ಉಣ್ಣೆ ಹುಳದಿಂದ (ಉಣುಗು) ಬರುವುದು, ಸೊಳ್ಳೆಯಿಂದಲ್ಲ. ವಿಷಯಕ್ಕೆ ಬನ್ನಿ.

– ಕೆ.ಜಿ.

*

ವಿಷಯಕ್ಕೇ ಬರುತ್ತೇನೆ. ನಾನು ಹಿಂದೆ ಆರೋಗ್ಯ ಸಹಾಯಕನಾಗಿದ್ದೆ. ಮಲೇರಿಯಾಕ್ಕೆ ಮನೆ ಮನೆ ತಿರುಗಿ ‘ರಕ್ತ ಲೇಪನ’ (ಪರೀಕ್ಷೆಗೆ ಗಾಜಿನ ಮೇಲೆ ಸವರಿದ ರಕ್ತದ ಹನಿ) ತೆಗೆಯುತ್ತಿದ್ದೆವು. ಕಾಗದದಲ್ಲಿ ಅದು ‘ಸಕ್ರಿಯ ಸಮೀಕ್ಷೆ’. ರೋಗಿ ತಾನೇ ಆಸ್ಪತ್ರೆಗೆ ಬಂದರೆ ‘ನಿಷ್ಕ್ರಿಯ ಸಮೀಕ್ಷೆ’. ಕೆಲಸವೇ ಮಾಡದವರ ಸಮೀಕ್ಷೆ ಅಂತ ನಾವು ನಗುತ್ತಿದ್ದೆವು. ಬೀದಿಯಲ್ಲಿ ಮಾತ್ರ ‘ಫೀವರ್ ಸರ್ವೆ’, ‘ಲಾರ್ವಾ ಸರ್ವೆ’. ಆಶಾ ಕಾರ್ಯಕರ್ತೆಯರು ಇವತ್ತೂ ಹಾಗೇ ಅನ್ನುತ್ತಾರೆ.

ಸು. ಅವರೇ, ಬಾಗಿಲಿಗೆ ಬಂದವರಿಗೆ ನಿಮ್ಮ ಯೋಜನೆಯ ಹೆಸರು ಯಾಕೆ ಬೇಕು? ಅವರು ಕೇಳುವುದು ಒಂದೇ: ‘ಅವನ ರಕ್ತ ತೆಗೀಲಿಲ್ಲ, ನನ್ನದು ಯಾಕೆ ತೆಗೀತೀರಿ?’ ಬೋರ್ಡು ಅದಕ್ಕೆ ಉತ್ತರ ಕೊಡಲಿ. ಕಣ್ಗಾವಲೋ ನಿಗಾನೋ, ವರದಿಯಲ್ಲಿ ಬರೆದುಕೊಳ್ಳಿ.

– ನಿವೃತ್ತ, ಮಂಡ್ಯ

*

ಇದು ಪದಚರ್ಚೆಯ ಬಳಗ. ಪದವೇ ಬೇಡ ಅನ್ನುವುದು ಉತ್ತರವಲ್ಲ.

– ಕೆ.ಜಿ.

*

ಎಲ್ಲರಿಗೂ ಥ್ಯಾಂಕ್ಸ್. ಮಂಡ್ಯದ ಹಿರಿಯರ ಮಾತು ಹಿಡಿದು ಹೀಗೆ ಬರೆದಿದ್ದೇನೆ:

‘ಜ್ವರ ಇದೆಯೇ? ಇಲ್ಲಿ ತಿಳಿಸಿ. ಊರಲ್ಲಿ ಯಾವ ಜ್ವರ ಹರಡುತ್ತಿದೆ ಎಂದು ತಿಳಿಯಲು ಕೆಲವರ ರಕ್ತ ಪರೀಕ್ಷೆ ಮಾಡುತ್ತೇವೆ. ರಕ್ತ ಕೊಡದವರಿಗೂ ಚಿಕಿತ್ಸೆ ಇದೆ.’

ಕೆಳಗೆ ಸಣ್ಣ ಅಕ್ಷರದಲ್ಲಿ ‘ಜ್ವರ ನಿಗಾ ಕೇಂದ್ರ’. ಕೆ.ಜಿ. ಸರ್, ಕ್ಷಮಿಸಿ.

ಪೇಂಟರ್ ಈಗ ಫೋನ್ ಮಾಡಿ, ಪಕ್ಕದ ಸೊಳ್ಳೆ ಚಿತ್ರದ ಕೆಳಗೆ ‘ಡೆಂಗಿ’ ಬರೀಲಾ ‘ಡೆಂಗ್ಯೂ’ ಬರೀಲಾ ಅಂತ ಕೇಳುತ್ತಿದ್ದಾರೆ. ಬೇಗ ಹೇಳಿ, ಏಣಿ ಮೇಲಿದ್ದಾರೆ.

– ಸು.

*

ಡೆಂಗಿ.

– ಕೆ.ಜಿ.

*

ಡೆಂಗ್ಯೂ. ಜನ ಹೇಳುವುದು ಹಾಗೇ.

– ಮಾ.

*

‘ಡೆಂಘೀ’ ಅಂತ ಮಹಾಪ್ರಾಣ ಕೊಡದಿದ್ದರೆ ಸಾಕು. ಇರುವ ಸುಸ್ತೇ ಜಾಸ್ತಿ.

– ರಾ.