ಇನ್ನಾಮಿಂಕಕ್ಕೆ ಹೋಗಿಬಂದವರು ಯಾರಾದ್ರೂ ಇದ್ದೀರಾ?

ನಾವು ಅಡಿಲೇಡ್‌ನಲ್ಲಿದ್ದೇವೆ. ಜುಲೈನಲ್ಲಿ ಊರಿಂದ ಅಪ್ಪ ಬರುತ್ತಿದ್ದಾರೆ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವರು. ಬೀಚು ಬೇಡ, ಮರುಭೂಮಿ ತೋರಿಸು ಅಂತ ಹಟ. ದಕ್ಷಿಣ ಆಸ್ಟ್ರೇಲಿಯಾದ ಈಶಾನ್ಯ ಮೂಲೆಯ ಇನ್ನಾಮಿಂಕ ನನ್ನ ಮನಸ್ಸಿನಲ್ಲಿದೆ. ಆದರೆ ಅಲ್ಲಿರುವುದು ಬೆರಳೆಣಿಕೆ ಜನ, ಒಂದು ಹೋಟೆಲು, ಒಂದು ಅಂಗಡಿ ಅಂತೆ. ಅಷ್ಟಕ್ಕೆ ಸಾವಿರ ಕಿಲೋಮೀಟರ್ ಗಾಡಿ ಓಡಿಸಬೇಕಾ? ನೋಡೋಕೆ ಏನಿದೆ, ಇತಿಹಾಸ ಏನು, ದಾರಿ ಹೇಗಿದೆ, ಹೋಗಿಬಂದವರು ದಯವಿಟ್ಟು ಹೇಳಿ.

ಅಡಿಲೇಡ್‌ನಿಂದಲೇ ಒಬ್ಬರು:

ಊರು ನೋಡೋಕೆ ಅಂತ ಹೋದರೆ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಕೂಪರ್ ಕ್ರೀಕ್ ನೋಡೋಕೆ ಹೋಗಿ. ನಿಮ್ಮ ತಂದೆಯವರಿಗೆ ಅದಕ್ಕಿಂತ ಒಳ್ಳೆ ಪಾಠ ಸಿಗೋದಿಲ್ಲ.

ಕ್ವೀನ್ಸ್‌ಲ್ಯಾಂಡ್‌ನಲ್ಲಿ ಥಾಮ್ಸನ್, ಬಾರ್ಕೂ ಅಂತ ಎರಡು ನದಿ. ವಿಂಡೋರಾ ಹತ್ತಿರ ಎರಡೂ ಸೇರಿ ಈ ಕ್ರೀಕ್ ಆಗುತ್ತದೆ. ಎರಡು ನದಿ ಸೇರಿ ಒಂದು ಹಳ್ಳ ಆಯಿತು ಅಂತ ಅಲ್ಲಿಯವರೇ ನಗುತ್ತಾರೆ. ಅದು ಸಮುದ್ರ ಸೇರುವುದೇ ಇಲ್ಲ. ಹರಿಯುವ ದಿಕ್ಕು ಐರ್ ಸರೋವರದ ಕಡೆ, ಆದರೆ ಅಲ್ಲಿಗೆ ಮುಟ್ಟುವುದು ದೊಡ್ಡ ನೆರೆಯ ವರ್ಷಗಳಲ್ಲಿ ಮಾತ್ರ. ಉಳಿದಂತೆ ನೂರಾರು ಕವಲುಗಳಲ್ಲಿ ಹರಡಿ, ಇಂಗಿ, ಬಿಸಿಲಿಗೆ ಆರಿಹೋಗುತ್ತದೆ.

ಇನ್ನಾಮಿಂಕದ ಹತ್ತಿರ ಬಂಡೆಗಳ ನಡುವೆ ಒಂದು ಇಕ್ಕಟ್ಟು ಇದೆ. ಅಷ್ಟಗಲ ಹರಡಿ ಬಂದ ನೆರೆನೀರೆಲ್ಲ ಅಲ್ಲಿ ಹಿಂಡಿಕೊಂಡು ನುಗ್ಗಬೇಕು. ಆ ರಭಸಕ್ಕೆ ಕೊರೆದುಹೋದದ್ದು ಕಲ್ಯಾಮರಾ ಮಡು. ಸುಮಾರು 28 ಮೀಟರ್ ಆಳ. ಸುತ್ತ ಕಲ್ಲು, ಮರಳು, ನಡುವೆ ಬತ್ತದ ನೀರು, ಅದರಲ್ಲಿ ಪೆಲಿಕನ್ ಹಿಂಡು! ಟೈಮ್ ಇದ್ದರೆ ವಾಯವ್ಯಕ್ಕೆ ಕೂಂಗಿ ಸರೋವರಗಳಿಗೂ ಹೋಗಿ. 1987ರಲ್ಲಿ ಜಾಗತಿಕ ಮಹತ್ವದ ಜೌಗುಗಳ ರಾಮ್ಸರ್ ಪಟ್ಟಿಗೆ ಸೇರಿದ ಜೌಗು ಅದು.

ಹೊರಡುವ ಮುಂಚೆ ಇನ್ನಾಮಿಂಕದ ಹವಾಮಾನ ಒಂದನ್ನೇ ನೋಡಿ ಕೂರಬೇಡಿ. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಹಿಂದಿನ ತಿಂಗಳು ಎಷ್ಟು ಮಳೆ ಬಿತ್ತು ಅಂತಲೂ ನೋಡಿ. ಅಲ್ಲಿ ಬಿದ್ದ ಮಳೆ ಇಲ್ಲಿಗೆ ವಾರಗಟ್ಟಲೆ ತಡವಾಗಿ ಬರುತ್ತದೆ. ನೆತ್ತಿ ಮೇಲೆ ನೀಲಿ ಆಕಾಶ, ಎದುರಿಗೆ ಮುಳುಗಿದ ರಸ್ತೆ.

ಮೆಲ್ಬರ್ನ್‌ನಿಂದ:

ಇತಿಹಾಸ ಕೇಳಿದಿರಲ್ಲ, ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಬರ್ಕ್ ಮತ್ತು ವಿಲ್ಸ್ ಸತ್ತ ಜಾಗ ಇದು. ಖಂಡವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟುತ್ತೇವೆ ಅಂತ 1860ರ ಆಗಸ್ಟ್ 20ರಂದು ನಮ್ಮ ಮೆಲ್ಬರ್ನ್‌ನಿಂದ ಹೊರಟ ತಂಡ ಅವರದು. ಒಂಟೆಗಳನ್ನು ಆಗಿನ ಬ್ರಿಟಿಷ್ ಇಂಡಿಯಾದಿಂದ ತರಿಸಿದ್ದರು, ಕರಾಚಿ ಬಂದರಿನಿಂದ. ಜೊತೆಗೆ ಒಂಟೆ ನೋಡಿಕೊಳ್ಳುವ ಸಿಪಾಯಿಗಳು. ಅವರಲ್ಲಿ ಸಾಮ್ಲಾ ಅನ್ನುವ ಹಿಂದೂ ಒಬ್ಬ. ತಂಡದ ಗೋಮಾಂಸದ ಊಟ ಒಗ್ಗದೆ ಶುರುವಿನಲ್ಲೇ ಬಿಟ್ಟು ಹೋದ. ಬದುಕಿಕೊಂಡ ಅನ್ನಬೇಕು!

ಕೂಪರ್ ದಂಡೆಯಲ್ಲಿ ಬಿಡಾರ ಹಾಕಿ, ಬ್ರಾಹೆ ಎಂಬವನನ್ನು ಕಾವಲಿಗೆ ಬಿಟ್ಟು, ಬರ್ಕ್, ವಿಲ್ಸ್, ಕಿಂಗ್, ಗ್ರೇ ನಾಲ್ವರೇ ಉತ್ತರಕ್ಕೆ ಹೋದರು. ವಾಪಸು ಬರುವಾಗ ದಾರಿಯಲ್ಲಿ ಗ್ರೇ ಸತ್ತ. ಬ್ರಾಹೆ ನಾಲ್ಕು ತಿಂಗಳು ಕಾದ. 1861ರ ಏಪ್ರಿಲ್ 21ರ ಬೆಳಿಗ್ಗೆ ಒಂದಿಷ್ಟು ದಿನಸಿ ಹೂತಿಟ್ಟು, ಇಲ್ಲಿ ಅಗೆಯಿರಿ ಅಂತ ಕೂಲಿಬಾ ಮರದಲ್ಲಿ ಕೆತ್ತಿ, ಹೊರಟ. ಉಳಿದ ಮೂವರು ಅಲ್ಲಿಗೆ ಬಂದದ್ದು ಅದೇ ದಿನ ಸಂಜೆ.

ಎಲ್ಲರೂ ಈ ಕೆಲವೇ ಗಂಟೆಗಳ ಬಗ್ಗೆ ಹೇಳುತ್ತಾರೆ. ನನಗೆ ಆಮೇಲಿನ ಕಥೆಯೇ ದೊಡ್ಡದು. ಅದು ಜನವಿಲ್ಲದ ಜಾಗ ಆಗಿರಲೇ ಇಲ್ಲ. ಯಾಂಡ್ರುವಾಂಡ ಜನ ಅಲ್ಲಿ ತಲೆಮಾರುಗಳಿಂದ ಮೀನು ಹಿಡಿದುಕೊಂಡು, ನಾರ್ಡೂ ಎಂಬ ಜರೀಗಿಡದ ಕಾಯಿ ಅರೆದು ತಿಂದುಕೊಂಡು ಬದುಕಿದ್ದರು. ಇವರಿಗೂ ಮೀನು ಕೊಟ್ಟರು. ಬರ್ಕ್ ಪಿಸ್ತೂಲು ಹಾರಿಸಿ ಅವರನ್ನು ಓಡಿಸಿದ. ನಾರ್ಡೂವನ್ನು ಸರಿಯಾಗಿ ಸಂಸ್ಕರಿಸದೆ ತಿಂದರೆ ಅದರಲ್ಲಿರುವ ಒಂದು ಕಿಣ್ವ ಮೈಯ ಬಿ1 ವಿಟಮಿನ್ ಅನ್ನೇ ಹಾಳುಮಾಡುತ್ತದೆ. ಅದನ್ನು ಹದ ಮಾಡುವುದು ಆ ಜನಕ್ಕೆ ಗೊತ್ತಿತ್ತು, ಇವರು ಕಲಿಯಲಿಲ್ಲ. ಹೊಟ್ಟೆ ತುಂಬ ತಿಂದರೂ ಸೊರಗಿದರು. ಕೊನೆಗೆ ಆ ವಿಟಮಿನ್ ಕೊರತೆಯಿಂದ ಬರುವ ಬೆರಿಬೆರಿ ರೋಗ ಆಯಿತು ಅನ್ನುವುದು ಅನೇಕ ಸಂಶೋಧಕರ ಮಾತು. ಜೂನ್ ಕೊನೆಯ ಹೊತ್ತಿಗೆ ಇಬ್ಬರೂ ಸತ್ತರು. ಕಿಂಗ್ ಹೋಗಿ ಯಾಂಡ್ರುವಾಂಡ ಜನರ ಜೊತೆ ಸೇರಿಕೊಂಡ. ಸೆಪ್ಟೆಂಬರ್‌ನಲ್ಲಿ ಹೋವಿಟ್‌ನ ತಂಡ ಹುಡುಕಿ ಬಂದಾಗ ಜೀವಂತ ಇದ್ದ.

ಸಮಾಧಿ ಫಲಕ ನೋಡುವಾಗ ಇದಿಷ್ಟೂ ತಂದೆಯವರಿಗೆ ಹೇಳಿ. ಫಲಕದಲ್ಲಿ ಬರೆದಿರುವುದು ಕಡಿಮೆ.

ಬ್ರಿಸ್ಬೇನ್‌ನಿಂದ:

ದನ ಕಳ್ಳನ ಕಥೆ ಬಿಟ್ಟಿರಲ್ಲ! 1870ರಲ್ಲಿ ಹ್ಯಾರಿ ರೆಡ್‌ಫರ್ಡ್ ಎಂಬವನು ಕ್ವೀನ್ಸ್‌ಲ್ಯಾಂಡ್‌ನ ಬೋವೆನ್ ಡೌನ್ಸ್ ಎಂಬ ದನದ ಫಾರ್ಮಿನಿಂದ ಸುಮಾರು 1000 ದನ ಕದ್ದು, ಕೂಪರ್, ಸ್ಟ್ರೆಜ್ಲೆಕಿ ಹಳ್ಳಗಳ ಗುಂಟ ದಕ್ಷಿಣ ಆಸ್ಟ್ರೇಲಿಯಾಕ್ಕೆ ಹೊಡೆದುಕೊಂಡು ಬಂದ. ಬರ್ಕ್ ಸತ್ತು ಆಗಿನ್ನೂ ಹತ್ತು ವರ್ಷ ಆಗಿರಲಿಲ್ಲ. ದಾರಿಯಲ್ಲಿ ಮಾರಿದ ಒಂದು ಬಿಳಿ ಹೋರಿಯಿಂದ ಗುಟ್ಟು ರಟ್ಟಾಯಿತು. 1873ರಲ್ಲಿ ರೋಮಾ ಕೋರ್ಟಿನ ಜ್ಯೂರಿ ಅವನನ್ನು ಬಿಟ್ಟೇ ಬಿಟ್ಟಿತು. ನೀವು ಹೋಗುವ ದಾರಿ ಹೆಚ್ಚುಕಡಿಮೆ ಅವನದೇ.

ಪರ್ತ್‌ನಿಂದ, ನರ್ಸ್:

ಊರಲ್ಲಿ ಹತ್ತೇ ನಿಮಿಷ ಅಂತ ಮೇಲಿನವರು ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ಅಲ್ಲಿನ ನ್ಯಾಷನಲ್ ಪಾರ್ಕಿನ ಆಫೀಸು ಇರುವ ಕಟ್ಟಡಕ್ಕೇ ಒಂದು ಗಂಟೆ ಕೊಡಿ. 1928ರಲ್ಲಿ ಇನ್ಲ್ಯಾಂಡ್ ಮಿಷನ್ ಎಂಬ ಕ್ರೈಸ್ತ ಸೇವಾಸಂಸ್ಥೆಯವರು ಕಟ್ಟಿದ ಎಲಿಜಬೆತ್ ಸೈಮನ್ ನರ್ಸಿಂಗ್ ಹೋಮ್ ಅದು. ಆ ಮಿಷನ್ ಕಟ್ಟಿದ ಜಾನ್ ಫ್ಲಿನ್ ಅದೇ ವರ್ಷ ವಿಮಾನದಲ್ಲಿ ಹಾರಿಹೋಗುವ ಡಾಕ್ಟರ ಸೇವೆಯನ್ನೂ ಶುರು ಮಾಡಿದ. ಆ ಧೂಳಿನಲ್ಲಿ, ಡಾಕ್ಟರಿಲ್ಲದೆ, ಹೆರಿಗೆಯಿಂದ ಹಿಡಿದು ಮೂಳೆ ಮುರಿತದ ತನಕ ನರ್ಸುಗಳೇ ನೋಡಬೇಕಿತ್ತು.

ಊರು ಹುಟ್ಟಿದ್ದು 1880ರ ದಶಕದ ಪೊಲೀಸ್ ಠಾಣೆಯಿಂದ. ಆಗ ಒಂದೊಂದು ವಸಾಹತಿಗೂ ಬೇರೆ ಬೇರೆ ಸುಂಕ. ಗಡಿ ದಾಟಿ ಬರುವ ದನಗಳಿಗೂ ಇಲ್ಲಿ ಸುಂಕ ಕಟ್ಟಬೇಕಿತ್ತು. 1901ರಲ್ಲಿ ಒಕ್ಕೂಟ ಆಗಿ ಆ ಸುಂಕ ಹೋಯಿತು. ಮುಂದೆ ದನ ಹೊಡೆದುಕೊಂಡು ಹೋಗುವುದೂ ಕಡಿಮೆಯಾಯಿತು. 1951ರಲ್ಲಿ ನರ್ಸಿಂಗ್ ಹೋಮ್ ಮುಚ್ಚಿತು. ಅದಾದ ಮೇಲೆ ಊರೇ ಖಾಲಿ. ಈಗಿನ ಹೋಟೆಲು, ಅಂಗಡಿ ಗ್ಯಾಸು ಮತ್ತು ಪ್ರವಾಸಿಗಳ ಕಾಲದವು.

ಅಡಿಲೇಡ್‌ನಿಂದ, ಎಂಜಿನಿಯರ್:

ಗ್ಯಾಸಿನ ಮಾತು ಬಂತಲ್ಲ. ನಿಮ್ಮ ದಾರಿಯಲ್ಲೇ ಮೂಂಬಾ ಸಿಗುತ್ತದೆ. 1966ರಲ್ಲಿ ಅಲ್ಲಿ ಗ್ಯಾಸ್ ಸಿಕ್ಕಿತು, 1969ರಿಂದ ಅಡಿಲೇಡ್‌ಗೆ ಪೈಪ್‌ನಲ್ಲಿ ಬರುತ್ತಿದೆ. ಕೆಲಸದವರು ವಿಮಾನದಲ್ಲಿ ಬಂದು ಪಾಳಿ ಮುಗಿಸಿ ವಾಪಸು ಹಾರುತ್ತಾರೆ. ಇನ್ನಾಮಿಂಕದ ಹತ್ತಿರ 4 ಕಿಲೋಮೀಟರ್ ಆಳದ ಬಿಸಿ ಗ್ರಾನೈಟ್‌ನಿಂದ ಕರೆಂಟ್ ತೆಗೆಯುವ ಪ್ರಯತ್ನವೂ ಆಯಿತು. 2013ರಲ್ಲಿ 1 ಮೆಗಾವಾಟ್‌ನ ಪ್ರಾಯೋಗಿಕ ಸ್ಥಾವರ ಕೆಲವು ತಿಂಗಳು ಓಡಿತು. ಶಾಖ ಇದೆ, ಆದರೆ ಅಷ್ಟು ಆಳ ಕೊರೆಯುವ ಖರ್ಚು, ಅಷ್ಟು ದೂರದಿಂದ ಕರೆಂಟ್ ತರುವ ಖರ್ಚು ಗಿಟ್ಟಲಿಲ್ಲ.

ದಾರಿ: ಲಿಂಡ್‌ಹರ್ಸ್ಟ್‌ನಿಂದ ಸ್ಟ್ರೆಜ್ಲೆಕಿ ಟ್ರ್ಯಾಕ್ ಹಿಡಿದರೆ ಸುಮಾರು 470 ಕಿಲೋಮೀಟರ್. ನಡುವೆ ಪೆಟ್ರೋಲ್ ಬಂಕ್ ಇಲ್ಲ. ಮೂಂಬಾವನ್ನು ನಂಬಬೇಡಿ, ಅದು ಕಂಪನಿ ಜಾಗ. ಟಾರು ಹಾಕುವ ಕೆಲಸ ಕೆಲವು ವರ್ಷದಿಂದ ನಡೆದಿದೆ, ಆದರೂ ಮಳೆ ಬಂದರೆ ರಸ್ತೆ ಮುಚ್ಚುತ್ತಾರೆ. ಮುಚ್ಚಿದ ರಸ್ತೆಗೆ ಗಾಡಿ ಇಳಿಸಿದರೆ ದಂಡ ಜೋರು. ಎರಡು ಸ್ಟೆಪ್ನಿ, ಸ್ಯಾಟಲೈಟ್ ಫೋನ್, ಕುಡಿಯುವ ನೀರು ಜಾಸ್ತಿ ಇಟ್ಟುಕೊಳ್ಳಿ. ಜುಲೈ ಸರಿಯಾದ ಕಾಲ. ಹಗಲು ಹಿತ, ರಾತ್ರಿ ಮಾತ್ರ ಚಳಿ. ತಂದೆಯವರಿಗೆ ಸ್ವೆಟರ್, ಟೊಪ್ಪಿ ಮರೆಯಬೇಡಿ. ಸಸ್ಯಾಹಾರಿಗಳಾದರೆ ಅವಲಕ್ಕಿ, ಚಟ್ನಿಪುಡಿ ಮನೆಯಿಂದಲೇ ಇರಲಿ.

ಇನ್ನೊಂದು. ಕೆತ್ತಿದ ಆ ಮರ ಇರುವುದು ಗಡಿಯ ಆಚೆ, ಕ್ವೀನ್ಸ್‌ಲ್ಯಾಂಡ್‌ನಲ್ಲಿ. ಜುಲೈನಲ್ಲಿ ಅಲ್ಲಿನ ಗಡಿಯಾರ ಅರ್ಧ ಗಂಟೆ ಮುಂದೆ. ಕತ್ತಲಾಗುವ ಮುಂಚೆ ವಾಪಸು ಬರುವ ಲೆಕ್ಕ ಹಾಕುವಾಗ ನೆನಪಿರಲಿ. ಮುಸ್ಸಂಜೆಯಲ್ಲಿ ಕಾಂಗರೂ, ದನ ಎರಡೂ ರಸ್ತೆಗೆ ಬರುತ್ತವೆ.